ಹುಳದ ಮನೆಯ ಮಂಚ

ಆಸ್ಪತ್ರೆಯಿಂದ ಮನೆಗೆ ಹೋದವರೆಲ್ಲ ವಾಸಿಯಾದರು ಎಂದು ನಾನು ಬಹಳ ವರ್ಷ ನಂಬಿದ್ದೆ. ಕೋಲಾರದ ಒಂದು ಧರ್ಮಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಡಿಸ್ಚಾರ್ಜ್ ಚೀಟಿ ಕೈಗಿಟ್ಟು, ಮಾತ್ರೆ ಯಾವಾಗ ನುಂಗಬೇಕೆಂದು ಎರಡು ಸಲ ಹೇಳಿ, ಬಾಗಿಲವರೆಗೆ ಬಂದು ಕಳಿಸಿಕೊಟ್ಟರೆ ನನ್ನ ಪಾಲಿನ ಕೆಲಸ ಮುಗಿಯಿತು. ಸಂಜೆಯೊಳಗೆ ಆ ಹಾಸಿಗೆಗೆ ಇನ್ನೊಬ್ಬರು ಬಂದಿರುತ್ತಿದ್ದರು. ಹೋದವರ ಬಗ್ಗೆ ಯೋಚಿಸಲು ಪುರಸೊತ್ತೆಲ್ಲಿತ್ತು?

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಮಾಲೂರು ಕಡೆಯ ಒಬ್ಬ ಹೆಂಗಸು ವಾಪಸು ಬಂದಳು. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು. ಎರಡು ತಿಂಗಳ ಹಿಂದೆ ನಾನೇ ನಗುನಗುತ್ತ ಬಸ್ಸು ಹತ್ತಿಸಿದ್ದೆ. ಈಗ ಮೊಣಕಾಲಿನ ಕೆಳಗೆ ಕಾಲು ತೆಗೆಯದೆ ಬೇರೆ ದಾರಿ ಇರಲಿಲ್ಲ. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಕೂತಿರುತ್ತದೆ. "ಅಷ್ಟು ಹೇಳಿ ಕಳ್ಸಿದ್ನಲ್ಲಮ್ಮ, ಯಾಕೆ ಹಿಂಗ್ ಮಾಡ್ಕೊಂಡೆ?" ಎಂದು ರೇಗಿದೆ. ಆಕೆ ಮೆಲ್ಲಗೆ ಹೇಳಿದಳು, "ಡಾಕ್ಟ್ರು ದಿನಾ ನಡಿ ಅಂದ್ರು. ನೀವು ಕಾಲೂರ್ಬೇಡ ಅಂದ್ರಿ. ನಾನು ಯಾರ್ ಮಾತು ಕೇಳ್ಬೇಕಿತ್ತು?"

 ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹುಡುಕುತ್ತ, ಡಿಸ್ಚಾರ್ಜ್ ಆದವರನ್ನು ಅವರವರ ಮನೆಯಲ್ಲೇ ನೋಡಿ ಬರುವ ಗುರುವಾರದ ಜೀಪು ಶುರುವಾಯಿತು.

ಜೀಪಿನಲ್ಲಿ ನಾವು ನಾಲ್ವರು. ಮಾತು ಕಡಿಮೆ, ಬರೆಯುವುದು ಜಾಸ್ತಿ ಎನ್ನುವಂಥ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಹುಡುಗಿ. ಅವಳು ಕಡ್ಡಿಯ ಹಾಗಿದ್ದರೂ ಎಂಬತ್ತು ಕೇಜಿಯ ಗಂಡಸನ್ನು ಮಂಚದಿಂದ ಕುರ್ಚಿಗೆ ದಾಟಿಸುವ ವಿದ್ಯೆ ಗೊತ್ತಿದ್ದವಳು. ನಾನು. ಮತ್ತು ಡ್ರೈವರ್ ಸಾಹೇಬರು. ಸಾಹೇಬರು ನಂಗಲಿಯವರು, ಗಡಿ ದಾಟುವ ಲಾರಿಗಳನ್ನು ಇಪ್ಪತ್ತು ವರ್ಷ ಓಡಿಸಿ ಬೆನ್ನು ನೋವು ಬಂದ ಮೇಲೆ ನಮ್ಮ ಜೀಪಿಗೆ ಬಂದವರು. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಿದ್ದರು.

ನಮಗಿದ್ದ ಕಟ್ಟಳೆ ಒಂದೇ. ಪ್ರತಿ ರೋಗಿಯ ಮನೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ದಪ್ಪ ಕಾರ್ಡು ಮೊಳೆಗೆ ತೂಗುತ್ತಿರಬೇಕು. ಯಾರು ಏನು ಹೇಳಿದರೂ ಅದರಲ್ಲಿ ಬರೆಯಬೇಕು. ಹಿಂದೆ ಬರೆದದ್ದನ್ನು ಓದದೆ ಇನ್ನೊಬ್ಬರು ಬಾಯಿ ತೆರೆಯಬಾರದು. ಹೊರಡುವ ಮುಂಚೆ ಐದು ನಿಮಿಷ ಜೀಪಿನ ಹತ್ತಿರ ನಿಂತು ನಾಲ್ವರೂ ಮಾತಾಡಿಕೊಳ್ಳಬೇಕು. ಡ್ರೈವರ್ ಯಾಕೆ ಮಾತಾಡಬೇಕು ಎಂದು ಆಸ್ಪತ್ರೆಯ ಕಚೇರಿಯಲ್ಲಿ ಒಬ್ಬರು ನಕ್ಕಿದ್ದರು. ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು. ನಾವು ಒಳಗೆ ಬ್ಯಾಂಡೇಜು ಬಿಚ್ಚುವಾಗ ಸಾಹೇಬರು ಹೊರಗೆ ಜಗಲಿಯ ಮೇಲೆ ಕೂತು ಮನೆಯವರ ಕಷ್ಟಸುಖ ಕೇಳುತ್ತಿದ್ದರು. ನಮಗೆ ಹೇಳದ ಮಾತುಗಳು ಅವರ ಕಿವಿಗೆ ಬೀಳುತ್ತಿದ್ದವು.

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವಿನ ಕಾಲ ಬಂತೆಂದರೆ ನಮ್ಮ ವಾರ್ಡಿಗೆ ಮರದಿಂದ ಬಿದ್ದವರು ಬರುತ್ತಿದ್ದರು. ಒಂದು ವರ್ಷ ಜೂನಿನಲ್ಲಿ ಹಾಗೆ ಬಂದವನು ಯಲ್ದೂರಿನಿಂದ ಇನ್ನೂ ಒಳಗಿರುವ ಒಂದು ಹಳ್ಳಿಯವನು. ಮೂವತ್ತೈದರ ಆಸುಪಾಸು. ಕಾಯಿ ಕೀಳುವಾಗ ಕೊಂಬೆ ಮುರಿದು ಬೆನ್ನು ಕೆಳಗಾಗಿ ಬಿದ್ದಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿತ್ತು. ಚಿವುಟಿದರೂ ಗೊತ್ತಾಗದು, ಸುಟ್ಟರೂ ಗೊತ್ತಾಗದು. ಕಾಲು ಮತ್ತೆ ಬರುವುದಿಲ್ಲವೆಂದು ಡಾಕ್ಟರು ಅವನಿಗೆ ನೇರವಾಗಿ ಹೇಳಿದರು. ಅವನು "ಕೂತ್ಕೊಳ್ಳೋಕಾದ್ರೂ ಆಗ್ತದಾ ಸಾರ್?" ಎಂದು ಕೇಳಿದ.

"ಆಗುತ್ತೆ. ಆದ್ರೆ ಬೆನ್ನಿನ ಹುಣ್ಣು ಮುಚ್ಚಬೇಕು" ಎಂದರು ಡಾಕ್ಟರು.

ಅಲ್ಲಿಂದಾಚೆಗೆ ನಮ್ಮ ಇಡೀ ಜೀಪಿನ ಗಮನ ಆ ಹುಣ್ಣಿನ ಮೇಲೆ. ಅಂಗಾತ ಮಲಗಿ ಮಲಗಿ ಬಾಲಮೂಳೆಯ ಮೇಲೆ ಚರ್ಮ ಕೊಳೆತು ಆದ ಹಾಸಿಗೆ ಹುಣ್ಣು ಅದು. ಮುಚ್ಚಿದರೆ ಅವನು ಗಾಲಿಕುರ್ಚಿಯಲ್ಲಿ ಕೂತು ಬದುಕುತ್ತಾನೆ. ಮುಚ್ಚದಿದ್ದರೆ ವಿಷವೇರಿ ಸಾಯುತ್ತಾನೆ. ಆಗಸ್ಟ್ ಕೊನೆಗೆ ಮನೆಗೆ ಕಳಿಸುವಾಗ ಅದು ಒಂದು ರೂಪಾಯಿ ನಾಣ್ಯದಷ್ಟಿತ್ತು. ದಿನಾ ಎರಡು ಸಲ ಕಂದು ಬಣ್ಣದ ಔಷಧಿಯಲ್ಲಿ ತೊಳೆದು ಪಟ್ಟಿ ಹಾಕಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅವನ ಹೆಂಡತಿಗೆ ವಾರ್ಡಿನಲ್ಲೇ ಎಲ್ಲ ಕಲಿಸಿದೆ. ಮೂವತ್ತು ತುಂಬದ ಹೆಣ್ಣು, ಮಾತೇ ಆಡಳು, ಆದರೆ ಕೈ ಬಹಳ ಚುರುಕು. ಒಂದು ಸಲ ತೋರಿಸಿದ್ದನ್ನು ಎರಡನೆಯ ಸಲ ನನಗಿಂತ ಚೆನ್ನಾಗಿ ಮಾಡಿದಳು.

ಅವರದು ಒಂದೇ ದೊಡ್ಡ ಅಂಕಣದ ಹೆಂಚಿನ ಮನೆ. ಒಂದು ಕಡೆ ಅವನ ಮಂಚ, ಇನ್ನೊಂದು ಕಡೆ ಸೂರಿನವರೆಗೆ ರೇಷ್ಮೆ ಹುಳದ ತಟ್ಟೆಗಳು. ಮನೆಯ ಹಿಂದೆಯೇ ಹಿಪ್ಪುನೇರಳೆ ತೋಟ. ನಾನು ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿದವಳು. ರೇಷ್ಮೆ ಎಂದರೆ ನಮಗೆ ಅಜ್ಜಿಯ ಮಡಿಸೀರೆ, ಹುಳವಲ್ಲ. ಮೊದಲ ದಿನ ಹೊಸ್ತಿಲ ಹತ್ತಿರ ಅವನ ತಾಯಿ ನಮ್ಮನ್ನು ತಡೆದು, ಕೈಕಾಲು ತೊಳೆಸಿ, ಬ್ಲೀಚಿಂಗ್ ಪುಡಿಯ ಮೇಲೆ ನಡೆಸಿ ಒಳಗೆ ಬಿಟ್ಟಳು. ಬಾಯಲ್ಲಿ ಬೀಡಿಯ ವಾಸನೆ ಇದ್ದ ಸಾಹೇಬರಿಗೆ ಒಳಗೆ ಪ್ರವೇಶವೇ ಇಲ್ಲ. "ಆಸ್ಪತ್ರೆಯವ್ರಿಗೇ ಶುದ್ಧ ಹೇಳ್ಕೊಡ್ತೀರಾ ಅಜ್ಜಿ?" ಎಂದು ನಾನು ನಗೆಯಾಡಿದೆ. ಒಳಗೊಳಗೆ ಸ್ವಲ್ಪ ಚುಚ್ಚಿತ್ತು ಅನ್ನುವುದನ್ನು ಈಗ ಒಪ್ಪಿಕೊಳ್ಳಬಹುದು.

ಸೆಪ್ಟೆಂಬರ್ ಪೂರ್ತಿ ಚೆನ್ನಾಗಿತ್ತು. ಹುಣ್ಣು ವಾರ ವಾರ ಕುಗ್ಗಿತು. ಫಿಸಿಯೋ ಹುಡುಗಿ ಸೂರಿನ ತೊಲೆಗೆ ಹಗ್ಗ ಕಟ್ಟಿಸಿ ಅವನಿಂದ ತೋಳಿನ ಕಸರತ್ತು ಮಾಡಿಸುತ್ತಿದ್ದಳು. ಅವನಿಗೆ ತಮಾಷೆ ಜಾಸ್ತಿ. ಹುಳುಗಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಅಲ್ಲಾಡದೆ ಕೂರುತ್ತವೆ. ಅದಕ್ಕೆ ಆ ಕಡೆಯವರು ಜ್ವರ ಅನ್ನುತ್ತಾರೆ. "ಅವಕ್ಕೆ ನಾಲ್ಕು ಜ್ವರ ಸಾರ್, ನಾಲ್ಕರಿಂದ್ಲೂ ಎದ್ದೇಳ್ತವೆ. ನಂಗೊಂದೇ ಬಂದಿದ್ದು, ಏಳೋಕೇ ಆಗ್ತಾ ಇಲ್ಲ ನೋಡಿ" ಎನ್ನುತ್ತಿದ್ದ. ಡಾಕ್ಟರು ಕೂಡ ನಗುತ್ತಿದ್ದರು.

ಅಕ್ಟೋಬರಿನಲ್ಲಿ ಜೀಪು ಕೆಟ್ಟು ಎರಡು ಗುರುವಾರ ತಪ್ಪಿತು. ಮೂರನೆಯ ಗುರುವಾರ ಹೋಗಿ ಪಟ್ಟಿ ಬಿಚ್ಚಿದೆ. ಮುಚ್ಚುತ್ತ ಬಂದಿದ್ದ ಹುಣ್ಣು ಅಂಗೈಯಷ್ಟಾಗಿತ್ತು. ಅಂಚು ಕಪ್ಪಾಗಿತ್ತು. ಪಟ್ಟಿಯಲ್ಲಿ ಔಷಧಿಯ ಕಂದು ಕಲೆಯ ಸುಳಿವೂ ಇಲ್ಲ. ಯಾವುದೋ ಹಳೆಯ ಪಂಚೆಯ ಒಣ ಬಟ್ಟೆ. ನಾನು ಕೊಟ್ಟುಹೋಗಿದ್ದ ಔಷಧಿಯ ಬಾಟಲಿ ಮುಚ್ಚಳ ಬಿಗಿದುಕೊಂಡು ಹೊರಗೆ ದನದ ಕೊಟ್ಟಿಗೆಯ ಗೂಡಿನಲ್ಲಿ ಕೂತಿತ್ತು.

ನಾನು ಆ ಹೆಣ್ಣಿನ ಮೇಲೆ ಹರಿಹಾಯ್ದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ, ನೆನಪಿರುವಷ್ಟೇ ಸಾಕು. "ಗಂಡ ಬದುಕ್ಬೇಕು ಅಂತ ಇದೆಯೋ ಇಲ್ವೋ ನಿಂಗೆ? ಒಂದು ಬಟ್ಟೆ ಅದ್ದಿ ಹಾಕೋಕೆ ಏನ್ ಕಷ್ಟ? ಇಷ್ಟು ಜನ ಕೋಲಾರದಿಂದ ಬರೋದು ಚೆಂದಕ್ಕಾ?" ಅವಳು ಮಂಚದ ಕಾಲಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಕೈಯಲ್ಲಿ ಸೊಪ್ಪು ಕೊಚ್ಚುವ ಕತ್ತಿ ಹಾಗೇ ಇತ್ತು.  ಯಾವಾಗಲೂ ನಗಿಸುವ ಅವನೂ ಮುಖ ಗೋಡೆಗೆ ತಿರುಗಿಸಿ ಮಲಗಿದ್ದ. ನಾನು ಕೆಟ್ಟ ಚರ್ಮ ಕತ್ತರಿಸಿ ತೆಗೆದು, ತೊಳೆದು, ಪಟ್ಟಿ ಹಾಕಿ ಹೊರಗೆ ಬಂದೆ. ಕಾರ್ಡಿನಲ್ಲಿ "ಹೇಳಿದಂತೆ ಮಾಡಿಲ್ಲ. ಹೆಂಡತಿಗೆ ಮತ್ತೆ ತಿಳಿಸಿದೆ" ಎಂದು ಒತ್ತಿ ಬರೆದೆ.

ಹುಣಸೆ ಮರದ ಕೆಳಗೆ ಜೀಪಿನ ಹತ್ತಿರ ನಾಲ್ವರೂ ಸೇರಿದೆವು. ಆಸ್ಪತ್ರೆಗೆ ವಾಪಸು ಕರೆದುಕೊಂಡು ಹೋಗಬೇಕು, ಇವರನ್ನು ನಂಬಿ ಬಿಡುವ ಹಾಗಿಲ್ಲ ಎಂದೆ ನಾನು. ಸಾಹೇಬರು ಬೀಡಿ ಆರಿಸಿ ಎಸೆದರು.

"ಸಿಸ್ಟರ್, ಆ ಹುಡ್ಗೀನ ಬೈಬೇಡಿ. ಅವಳ್ದು ಏನೂ ತಪ್ಪಿಲ್ಲ. ಅಜ್ಜಿ ಈಗ ತಾನೇ ಅಳ್ತಾ ಹೇಳಿದ್ಲು."

ಅಜ್ಜಿ ಹೇಳಿದ್ದು ಇಷ್ಟು. ಹುಳ ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಗೂಡು ಕಟ್ಟುವವರೆಗಿನ ಆ ಏಳೆಂಟು ದಿನ ಅವು ತೋಟಗಟ್ಟಲೆ ಸೊಪ್ಪು ತಿನ್ನುತ್ತವೆ. ಮನೆಯವರಿಗೆ ಕೂರಲು ಬಿಡುವಿಲ್ಲ, ಅವನ ಮಗ್ಗುಲು ಬದಲಿಸುವುದೂ ತಪ್ಪಿತ್ತು. ಆ ದಿನಗಳಲ್ಲಿ ಹುಳದ ಮನೆಗೆ ಹೊಗೆಸೊಪ್ಪು, ಊದುಬತ್ತಿ, ಔಷಧಿ, ಯಾವ ಘಾಟು ವಾಸನೆಯೂ ಸೋಕಬಾರದು, ಸೋಕಿದರೆ ಹುಳ ಸೊರಗಿ ಸಾಯುತ್ತವೆ ಎಂದು ಅವರ ನಂಬಿಕೆ. ಹೆಂಡತಿ ಮೊದಲ ಎರಡು ದಿನ ಹುಳ ಏನಾದರೂ ಆಗಲಿ ಎಂದು ಔಷಧಿ ಹಾಕಿದ್ದಳು. ಬಿಡಿಸಿದವನು ಗಂಡ. "ನಂಗೆ ಹೆಂಗೂ ಬೆನ್ನು ನೋವೇ ಗೊತ್ತಾಗಲ್ಲ. ಹುಳ ಹೋದ್ರೆ ನೀವೇನು ತಿಂತೀರಿ? ಹತ್ತು ದಿನ ಬಿಟ್ಟು ಹಾಕುವಂತೆ" ಎಂದು ಹಟ ಹಿಡಿದಿದ್ದ. ಸಿಸ್ಟ್ರಮ್ಮನಿಗೆ ಹೇಳಿದರೆ ನನ್ನಾಣೆ ಎಂದು ತನ್ನ ಕೈ ಮೇಲೆ ಅವಳ ಕೈ ಇಡಿಸಿಕೊಂಡಿದ್ದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ನನ್ನ ಅಜ್ಜಿ ನನ್ನನ್ನೇ ನೋಡಿಕೊಂಡು ಹೇಳುತ್ತಿದ್ದಳು. ಆ ಮರದ ಕೆಳಗೆ ನಿಂತು ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ನಾನು ಬೆಳೆದ ಮನೆಯಲ್ಲಿ ಮಡಿಯಲ್ಲಿದ್ದ ಅಜ್ಜಿಯನ್ನು ಶಾಲೆಯಿಂದ ಬಂದ ನಾವು ಮುಟ್ಟುವ ಹಾಗಿರಲಿಲ್ಲ. ಅಡುಗೆಮನೆಗೆ ಈರುಳ್ಳಿಯ ವಾಸನೆ ಸುಳಿದರೆ ದೊಡ್ಡ ರಂಪ. ಅದನ್ನು ನಾವು ಯಾರೂ ಪ್ರಶ್ನಿಸಲಿಲ್ಲ. ಇಲ್ಲಿ ಈ ಮನೆಗೂ ಒಂದು ಮಡಿ ಇತ್ತು, ಹೊಸ್ತಿಲಲ್ಲೇ ನನ್ನ ಕಾಲು ತೊಳೆಸಿ ಅದನ್ನು ಹೇಳಿತ್ತು. ನಾನು ಮಾತ್ರ ಮೂಗಿಗೆ ಬಡಿಯುವ ಬಾಟಲಿಯನ್ನು ಒಂದು ಮಾತೂ ಕೇಳದೆ ಆ ಹುಳಗಳ ಪಕ್ಕದಲ್ಲೇ ಇಟ್ಟು ಬಂದಿದ್ದೆ.

"ವಾಸನೆ ಇಲ್ಲದ್ದು ಏನಾದ್ರೂ ಇದೆಯಾ ಡಾಕ್ಟ್ರೇ?" ಎಂದಳು ಫಿಸಿಯೋ ಹುಡುಗಿ.

ಡಾಕ್ಟರು ಯೋಚಿಸಿದರು. "ಕುದಿಸಿ ಆರಿಸಿದ ಉಪ್ಪುನೀರು. ಸತ್ತ ಚರ್ಮ ಎಲ್ಲ ಸಿಸ್ಟರ್ ತೆಗೆದಿದ್ದಾರೆ, ಇನ್ನು ಅದೇ ಸಾಕು. ನಂಜಿಗೆ ಮಾತ್ರೆ ಕೊಡ್ತೀನಿ. ಆದರೆ ಮಗ್ಗುಲು ಬದಲಿಸೋದು ನಿಂತರೆ ಯಾವ ನೀರೂ ಕೆಲಸ ಮಾಡಲ್ಲ."

ನಾನು ಒಬ್ಬಳೇ ಒಳಗೆ ಹೋದೆ. ಅವಳು ಕೂತು ಸೊಪ್ಪು ಕೊಚ್ಚುತ್ತಿದ್ದಳು. "ತಪ್ಪಾಯ್ತು ಕಣಮ್ಮ. ಗೊತ್ತಿಲ್ದೆ ಬೈದ್ಬಿಟ್ಟೆ" ಎಂದು ಅವಳ ಭುಜದ ಮೇಲೆ ಕೈ ಇಡಲು ಹೋದೆ.

ಅವಳು ಸರಕ್ಕನೆ ಹಿಂದೆ ಸರಿದಳು. "ಕೈ ತೊಳ್ಕೊಂಡ್ ಬನ್ನಿ ಸಿಸ್ಟ್ರಮ್ಮ. ಔಷ್ದಿ ವಾಸ್ನೆ ಅದೆ."

ತೊಳೆದುಕೊಂಡು ಬಂದೆ. ನಾಲ್ಕು ಸಲ ಬೂದಿ ಹಾಕಿ ತಿಕ್ಕಿ ತೊಳೆದೆ. ಉಪ್ಪುನೀರಿಗೆ ಎಷ್ಟು ಉಪ್ಪು, ಎಷ್ಟು ನೀರು ಎಂದು ಅವರ ಮನೆಯ ಲೋಟದಲ್ಲೇ ಅಳೆದು ತೋರಿಸಿದೆ. ಎರಡು ಗಂಟೆಗೊಮ್ಮೆ ತಿರುಗಿಸುವ ಮಾತು ಬಂದಾಗ ಅಜ್ಜಿ ಮುಂದೆ ಬಂದಳು. "ಏಮ್ಮಾ, ಗಂಟೆ ಗಿಂಟೆ ನಂಗೆ ತಿಳೀದು. ಹುಳಕ್ಕೆ ಸೊಪ್ಪು ಹಾಕೋವಾಗೆಲ್ಲಾ ಇವನ್ನೂ ತಿರುಗಿಸ್ತೀನಿ. ಎರಡು ಸೊಪ್ಪಿನ ಮಧ್ಯ ಇನ್ನೆರಡು ಸಲ. ಸಾಲ್ತದಾ?" ಹುಳ ಸಾಕುವವರು ದಿನಕ್ಕೆ ನಾಲ್ಕು ಸಲದ ಸೊಪ್ಪಿನ ಹೊತ್ತನ್ನು ಯಾವತ್ತೂ ತಪ್ಪಿಸುವುದಿಲ್ಲ. ಡಾಕ್ಟರು ಲೆಕ್ಕ ಹಾಕಿ, ಸಾಲುತ್ತೆ ಎಂದರು. ನಾವು ಗಡಿಯಾರದ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಕಿತ್ತು ತಂದೆವು.

ಆಮೇಲಿನದು ನಿಧಾನದ ಕೆಲಸ. ಹೊಸ ಮಾಂಸ ಬುಡದಿಂದ ಕೆಂಪಗೆ ಎದ್ದು ಬರಬೇಕು, ಅಂಚಿನಿಂದ ಚರ್ಮ ಹರಡಬೇಕು. ಅವಸರ ಮಾಡಿದರೆ ಮೇಲೆ ಮುಚ್ಚಿ ಒಳಗೆ ಕೀವು ನಿಲ್ಲುತ್ತದೆ. ಚಳಿಗಾಲದಲ್ಲಿ ಒಂದು ಸಲ ಅವನಿಗೆ ಮೂತ್ರದ ಟ್ಯೂಬಿನಿಂದ ಸೋಂಕಾಗಿ ಜ್ವರ ಏರಿತು. ಇನ್ನೇನು ಕೈಬಿಟ್ಟು ಹೋದ ಎಂದುಕೊಂಡೆವು. ಡಾಕ್ಟರು ಗುರುವಾರದ ಮೇಲೆ ಭಾನುವಾರವೂ ಬಂದರು. ಸಾಹೇಬರು ನಂಗಲಿಯಿಂದ ಹಳೆಯ ಲಾರಿ ಟಯರಿನ ಟ್ಯೂಬೊಂದನ್ನು ತಂದು, ಅರ್ಧ ಗಾಳಿ ತುಂಬಿ, ಅವನ ಸೊಂಟದಡಿ ಇಡಲು ಕೊಟ್ಟರು. ಟ್ಯೂಬಿನ ಅಂಚು ಒತ್ತಿ ಇನ್ನೊಂದು ಹುಣ್ಣಾಗುತ್ತದೆ ಎಂದು ಫಿಸಿಯೋ ಹುಡುಗಿ ಅದನ್ನು ತಕ್ಷಣ ವಾಪಸು ಕೊಟ್ಟಳು. ಇಬ್ಬರೂ ದಾರಿಯುದ್ದಕ್ಕೂ ಮಾತು ಬಿಟ್ಟರು. ಮುಂದಿನ ವಾರ ಅವಳೇ ರಾಗಿ ಹೊಟ್ಟು ತುಂಬಿದ ಮೆತ್ತನೆಯ ದಿಂಬು ಹೊಲಿಸಿ ಸಾಹೇಬರ ಕೈಯಲ್ಲೇ ಕೊಡಿಸಿದಳು. ಪುಣ್ಯಾತ್ಮರು ಅದನ್ನು ಹೊಸ್ತಿಲವರೆಗೆ ಮಾತ್ರ ತಲುಪಿಸಿ ಹಿಂದಕ್ಕೆ ಬಂದರು.

ಪ್ರತಿ ಗುರುವಾರ ಹುಣ್ಣಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಚಿನ ಗೆರೆ ಎಳೆದುಕೊಳ್ಳುತ್ತಿದ್ದೆ. ಅವನಿಗೆ ತನ್ನ ಬೆನ್ನು ಕಾಣದಲ್ಲ, ಆ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದೆ. "ನಿಂಬೆಹಣ್ಣಿನಷ್ಟಾಯ್ತು." "ನೆಲ್ಲಿಕಾಯಷ್ಟಾಯ್ತು." ಒಂದು ವಾರ ಗೆರೆ ಎಳೆಯಲು ಏನೂ ಉಳಿದಿರಲಿಲ್ಲ. ಯುಗಾದಿ ಕಳೆದಿತ್ತು, ಮಾವಿನ ತೋಟಗಳಲ್ಲಿ ಹೀಚು ಬಿಟ್ಟಿತ್ತು. ಬರಿ ಹಾಳೆಯನ್ನೇ ಅವನ ಕೈಗೆ ಕೊಟ್ಟೆ. ಅವನು ಅದನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ. ನನ್ನ ಕಣ್ಣು ತುಂಬಿ ಬಂತು. ಹೊಸ ಚರ್ಮ ಗಟ್ಟಿಯಾಗಲಿ ಎಂದು ಇನ್ನೂ ಮೂರು ವಾರ ಕಾಯಿಸಿದೆವು.

ಅವನನ್ನು ಕೂರಿಸುವ ದಿನ ನಾಲ್ವರೂ ಬೇಗ ಹೊರಟೆವು, ಆದರೆ ಗಾಲಿಕುರ್ಚಿಯನ್ನು ಜೀಪಿಗೆ ಏರಿಸಿ ಕಟ್ಟುವುದರಲ್ಲೇ ಬೆಳಗು ಹೋಯಿತು. ಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಆ ವಾರ ಹುಳ ಇರಲಿಲ್ಲ, ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟಿದ್ದರು. ಸಾಹೇಬರು ಮೊದಲ ಬಾರಿಗೆ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಮಲಗಿದ್ದವನನ್ನು ಒಮ್ಮೆಲೇ ಎತ್ತಿದರೆ ತಲೆ ಸುತ್ತಿ ಬೀಳುತ್ತಾನೆ, ಅದಕ್ಕೆ ಮೊದಲು ಬೆನ್ನಿಗೆ ಎರಡು ದಿಂಬು, ಆಮೇಲೆ ಮೂರು, ಆಮೇಲೆ ಮಂಚದ ಅಂಚಿಗೆ. ಫಿಸಿಯೋ ಹುಡುಗಿ ಮುಂದಿನಿಂದ ಹಿಡಿದಿದ್ದಳು, ಡಾಕ್ಟರು ನಾಡಿ ನೋಡುತ್ತಿದ್ದರು. ಅವನ ಮುಖ ಬಿಳಿಚಿಕೊಂಡು ಮತ್ತೆ ಬಣ್ಣಕ್ಕೆ ಬಂತು. "ಸಾಕಾ? ಮಲಗ್ತೀಯಾ?" ಎಂದರು ಡಾಕ್ಟರು. "ಇನ್ನು ಸಾಯೋವರ್ಗೂ ಮಲಗಲ್ಲ ಸಾರ್" ಎಂದ.

ಕುರ್ಚಿಗೆ ದಾಟಿಸಿದೆವು. ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ಅತ್ತಳು. ಹೆಂಡತಿ ಅವನ ಕಾಲುಗಳನ್ನು ಒಂದೊಂದಾಗಿ ಎತ್ತಿ ಕುರ್ಚಿಯ ಕಾಲುಹಲಗೆಯ ಮೇಲೆ ಇಟ್ಟು, ಹೊದಿಕೆ ಸರಿ ಮಾಡಿ, ತಲೆ ಎತ್ತಿದಳು. ಇಬ್ಬರ ಮುಖ ಎದುರುಬದುರಾಯಿತು. ತಮಾಷೆಗೆ ಏನೋ ಹೇಳಲು ಹೊರಟವನು ಅವಳ ಮುಖವನ್ನೇ ನೋಡಿದ.

"ಏನೇ ಇದು? ಹಿಂಗಾಗೋಗಿದ್ದೀಯ?"

"ಏನಾಗಿದೀನಿ? ಸರಿಯಾಗೇ ಇದೀನಿ."

"ಹತ್ತು ತಿಂಗ್ಳು ಕೆಳಗಿಂದ ನೋಡ್ತಿದ್ದೆ, ನಂಗೆ ತಿಳೀಲಿಲ್ಲ" ಎಂದು ಅವನು ಅವಳ ಕೊರಳ ಎಲುಬಿನ ಮೇಲೆ ಬೆರಳಿಟ್ಟ. "ಮೂಳೆ ಬಿಟ್ರೆ ಏನೂ ಉಳಿದಿಲ್ಲ ಕಣೇ ನಿನ್ ಮೈಯಾಗೆ." ಅವನ ದನಿ ಒಡೆಯಿತು. ನಮ್ಮೆಲ್ಲರ ಎದುರು ಅವನು ಅತ್ತದ್ದು ಅದೇ ಮೊದಲು.

ನಾನು ಆಗ ಅವಳನ್ನು ನೋಡಿದೆ. ವಾರ್ಡಿಗೆ ಬಂದಾಗ ತುಂಬಿದ ಕೆನ್ನೆಯ ಹೆಣ್ಣು. ಈಗ ರವಿಕೆ ತೋಳಿನಲ್ಲಿ ಸಡಿಲವಾಗಿ ಜೋತಾಡುತ್ತಿತ್ತು, ತುಟಿ ಬಣ್ಣಗೆಟ್ಟಿತ್ತು. ಎಂಟು ತಿಂಗಳು ಪ್ರತಿ ಗುರುವಾರ ಈ ಮನೆಗೆ ಬಂದಿದ್ದೆ. ಅವಳ ಕೈ ನೋಡಿದ್ದೆ, ಅವಳು ಹಾಕಿದ ಪಟ್ಟಿ ನೋಡಿದ್ದೆ. ಮೊಳೆಯಿಂದ ಕಾರ್ಡು ತೆಗೆದು ಹಾಳೆ ಮಗುಚಿದೆ. ಅವನ ನಾಡಿ, ಅವನ ಜ್ವರ, ಅವನ ಹುಣ್ಣಿನ ಅಳತೆ, ಅವನ ತೋಳಿನ ಬಲ, ಮೂರು ಜನರ ಮೂರು ಥರದ ಬರಹದಲ್ಲಿ ತುಂಬಿಹೋಗಿತ್ತು. ಅವಳ ಬಗ್ಗೆ ಒಂದೇ ಸಾಲು, ವಾರವಾರವೂ ಅದೇ: ಹೆಂಡತಿಗೆ ತಿಳಿಸಿದೆ. ಹೆಂಡತಿಗೆ ತಿಳಿಸಿದೆ. ಹೆಂಡತಿಗೆ ತಿಳಿಸಿದೆ.

ಡಾಕ್ಟರು ಅವಳನ್ನು ಖಾಲಿಯಾದ ಮಂಚದ ಮೇಲೆ ಕೂರಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ರಕ್ತವೇ ಇಲ್ಲದ ಹಾಗೆ ಬೆಳ್ಳಗಿತ್ತು. ಅವಳು ಮಾತ್ರ ನಾಚಿಕೊಂಡು, "ನಂಗೇನಾಗಿದೆ, ಅವ್ರನ್ನ ನೋಡಿ ಸಾರ್" ಎನ್ನುತ್ತಿದ್ದಳು. ಡಾಕ್ಟರು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ಗಂಡನ ಹೆಸರಿನ ಕೆಳಗೆ ಅವಳ ಹೆಸರು ಕೇಳಿ ಬರೆದರು.

ನಾನು ಅವಳ ಪಕ್ಕದಲ್ಲಿ ಕೂತೆ. 

"ಊಟ ಮಾಡಿದ್ಯೇನಮ್ಮ?"

"ಇನ್ನೂ ಇಲ್ಲ" ಎಂದಳು. ಮೂರು ಗಂಟೆ ದಾಟಿತ್ತು.